ಕುಟುಕಮ್ಮನ ಹತ್ತು ಎಣಿಕೆ

ಮೊದಲೇ ಹೇಳಿಬಿಡುತ್ತೇನೆ, ಆ ಹೆಂಗಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಾಂಕ್ರೀಟ್ ಪಾಠ ಮಾಡುವವನು. ಅವಳು ಅದೇ ಕಾಲೇಜಿನಲ್ಲಿ ಹಳೆಯ ಗೋಡೆ ತಟ್ಟುವುದನ್ನು ಕಲಿಸುವವಳು. ನನ್ನ ಹೆಸರಿನ ಜೊತೆ ಎರಡು ಪದವಿ ಇದ್ದವು, ಅವಳ ಕೈಯಲ್ಲಿ ಮೊಳದುದ್ದದ ಒಂದು ಕೋಲು ಇತ್ತು. ನನ್ನ ಕ್ಲಾಸಿನಲ್ಲಿ ಆಕಳಿಸುತ್ತಿದ್ದ ಹುಡುಗರು ಅವಳ ಕ್ಲಾಸಿನಲ್ಲಿ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಹೊಟ್ಟೆಕಿಚ್ಚು ಅಂತೀರಾ, ಹೊಟ್ಟೆಕಿಚ್ಚೇ ಅನ್ನಿ. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಮಾಡಲಿ?

ಅವಳು ಕಾಲೇಜಿಗೆ ಬಂದದ್ದು ಮೇಷ್ಟ್ರಾಗಿ ಅಲ್ಲ, ಗಾರೆ ಕೆಲಸಕ್ಕೆ. ಹಳೆಯ ಡ್ರಾಯಿಂಗ್ ಹಾಲ್ ಮೊದಲ ಮಹಡಿಯಲ್ಲಿತ್ತು. ಎರಡೂವರೆ ಅಡಿ ದಪ್ಪದ ಗೋಡೆ, ಸುಣ್ಣದ ಗಾರೆ, ಆಳೆತ್ತರದ ಆರು ಕಿಟಕಿ, ತಲೆಮಾರುಗಳ ಚಾಕು ಗೀರಿದ ಮರದ ಮೇಜುಗಳು. ಗೋಡೆಯ ಗಾರೆ ಅಲ್ಲಲ್ಲಿ ಉದುರಿದಾಗ ಸಿಮೆಂಟ್ ಬಳಿಯಲು ನಾಲ್ಕು ಜನ ಬಂದರು. ಅವರಲ್ಲೊಬ್ಬಳು ಕರಣೆ ಕೆಳಗಿಟ್ಟು, "ಈ ಗೋಡೆಗೆ ಇದು ಸೇರಲ್ಲ ಸಾರ್. ಸಿಮೆಂಟ್ ಮೆತ್ತಿದ್ರೆ ಇದಕ್ಕೆ ಉಸಿರು ಕಟ್ಟುತ್ತೆ" ಎಂದಳು. ಆಗಿನ ವಿಭಾಗದ ಮುಖ್ಯಸ್ಥರು ನಿವೃತ್ತಿಯ ಅಂಚಿನಲ್ಲಿದ್ದ ಸಾವಧಾನದ ಮನುಷ್ಯ. ನಿನಗೆ ಹೇಗೆ ಗೊತ್ತಮ್ಮ ಎಂದು ಕೇಳಿದರು. ಅವಳು ಸೊಂಟದಿಂದ ಕೋಲು ತೆಗೆದು, ಒಂದು ತುದಿಯನ್ನು ಗೋಡೆಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಬೆರಳ ಗೆಣ್ಣಿನಿಂದ ಗೋಡೆಯನ್ನು ಮೂರು ಸಲ ತಟ್ಟಿದಳು. ಸಿಮೆಂಟ್ ವಾಪಸು ಹೋಯಿತು, ಸುಣ್ಣ ಬಂತು.

ಅದರ ಹಿಂದೆಯೇ ಮೇಲಿನ ಮಂಡಳಿ ಹೊಸ ಪಾಠವೊಂದನ್ನು ಕಡ್ಡಾಯ ಮಾಡಿತು. ಇಂಜಿನಿಯರ್ ಆಗುವವರೆಲ್ಲ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯನ್ನೂ ಕಲಿಯಬೇಕಂತೆ. ಪುಸ್ತಕ ಬಂತು, ಕಲಿಸುವವರು ಬರಲಿಲ್ಲ. ಮುಖ್ಯಸ್ಥರು ಡ್ರಾಯಿಂಗ್ ಹಾಲನ್ನೇ ಪ್ರಯೋಗಶಾಲೆ ಮಾಡಿ, ಅವಳನ್ನು ಪ್ರಾತ್ಯಕ್ಷಿಕೆಗೆ ನೇಮಿಸಿ, ತಾವು ಮನೆಗೆ ಹೋದರು. ಮರಕುಟಿಗದ ಹಾಗೆ ಗೋಡೆ ಕುಟುಕುತ್ತಾಳೆ, ಮಾತಿನಲ್ಲೂ ಕುಟುಕುತ್ತಾಳೆ ಅಂತ ಹುಡುಗರು ಅವಳಿಗೆ ಕುಟುಕಮ್ಮ ಎಂದು ಹೆಸರಿಟ್ಟರು. ಅವಳು ಮೊದಲ ದಿನವೇ, "ಕುಟುಕಮ್ಮ ಅಂದ್ರೆ ನಾನೇ. ಇನ್ನೂ ಯಾರನ್ನೂ ಕುಟುಕಿಲ್ಲ, ಕೂತ್ಕೊಳ್ಳಿ" ಎಂದಳಂತೆ.

ಅವಳ ಪಾಠದಲ್ಲಿ ಮೂರೇ ಕೆಲಸ: ತಟ್ಟು, ಕಚ್ಚು, ಎಣಿಸು. ಗಾರೆ ಗೋಡೆಯನ್ನು ಹಿಡಿದುಕೊಂಡಿದ್ದರೆ ಸದ್ದು ಗಿಡ್ಡಗೆ, ಗಟ್ಟಿಯಾಗಿ ಬರುತ್ತದೆ. ಬಿಟ್ಟುಕೊಂಡಿದ್ದರೆ ಖಾಲಿ ಡಬ್ಬಿ ತಟ್ಟಿದ ಹಾಗೆ. ಆ ಜಾಗಕ್ಕೆ ಪೊಳ್ಳು ಎಂದು ಹೆಸರು. ಇಷ್ಟು ನನಗೂ ಒಪ್ಪಿಗೆ. ಆದರೆ ತಟ್ಟಿದ ಮೇಲೆ ಕೋಲು ಕಚ್ಚಿಕೊಂಡೇ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಬೇಕು ಎನ್ನುತ್ತಿದ್ದಳು. ಅದು ಯಾಕೆ ಎಂದರೆ, "ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೆ ಎದ್ದುಹೋಗೋದು ಒಳ್ಳೆ ಮನೆತನದವರ ಲಕ್ಷಣ ಅಲ್ಲ" ಎನ್ನುತ್ತಿದ್ದಳು. ಹುಡುಗರು ನಗುತ್ತಿದ್ದರು. "ಗೋಡೆಗೆ ಕಿವಿ ಇದೆ ಅಂತ ಎಲ್ರೂ ಒಪ್ತೀರ. ಬಾಯಿ ಇದೆ ಅಂದ್ರೆ ಮಾತ್ರ ನಗ್ತೀರ" ಎಂದು ಅವಳೂ ನಗುತ್ತಿದ್ದಳು. ಎಣಿಕೆ ಶುರುವಾದ ಮೇಲೆ ಮಾತ್ರ ಯಾರೂ ನಗುತ್ತಿರಲಿಲ್ಲ.

ಪಾಠ ಶುರುವಾದ ವರ್ಷವೇ ಹಾಲ್‌ನ ಪೂರ್ವಕ್ಕೆ ನನ್ನ ಹೊಸ ಬ್ಲಾಕ್ ಎದ್ದಿತು. ನನ್ನದು ಅಂದರೆ ನಾನು ಲೆಕ್ಕ ಹಾಕಿ, ನಾನೇ ಬಿಸಿಲಲ್ಲಿ ನಿಂತು ಕಟ್ಟಿಸಿದ್ದು. ಮೂರು ಮಹಡಿಯ ಕಾಂಕ್ರೀಟ್. ಹಳೆಯದಕ್ಕೂ ಹೊಸದಕ್ಕೂ ನಡುವೆ ಎರಡು ಬೆರಳಿನಷ್ಟು ಸಂದು ಬಿಟ್ಟು, ಕಾಣದ ಹಾಗೆ ಅದರ ಮೇಲೆ ಲೋಹದ ಪಟ್ಟಿ ಹೊಡೆದಿದ್ದೆ. ಹಾಲ್‌ನ ಪೂರ್ವದ ಬಾಗಿಲು ದಾಟಿದರೆ ನನ್ನ ಬ್ಲಾಕಿನ ಕಾರಿಡಾರು, ದಾಟಿದ ಕೂಡಲೇ ಎಡಕ್ಕೆ ಒಂದು ಕಂಬ. ಆ ಕಂಬಕ್ಕೆ ನನ್ನ ಕೈಯಾರೆ ಒಂದು ಹಿತ್ತಾಳೆ ಮೊಳೆ ಹೊಡೆದೆ.

ಮೊಳೆ ಹೊಡೆದದ್ದು ಕುಟುಕಮ್ಮನ ಪಾಠಕ್ಕೇ. ಹಾಲ್‌ನ ಉತ್ತರದ ಗೋಡೆಯಲ್ಲಿ, ಮನುಷ್ಯನ ಎದೆ ಎತ್ತರಕ್ಕೆ, ಮೊರದಗಲದ ಒಂದು ಪೊಳ್ಳು ಇತ್ತು. ಅದನ್ನು ರಿಪೇರಿ ಮಾಡದೆ ಪಾಠಕ್ಕೆಂದೇ ಉಳಿಸಿಕೊಂಡಿದ್ದರು. ಪ್ರತಿ ವರ್ಷ ಚಳಿಗಾಲದ ಮೊದಲ ಸೋಮವಾರ ಆ ವರ್ಷದ ಹುಡುಗರು ಗೋಡೆ ತಟ್ಟಿ, ಪೊಳ್ಳಿನ ಅಂಚನ್ನು ಸೀಮೆಸುಣ್ಣದಲ್ಲಿ ಗುರುತಿಸಿ, ಪಾರದರ್ಶಕ ಹಾಳೆಯ ಮೇಲೆ ಇಳಿಸಿಕೊಂಡು, ಅದು ಎಷ್ಟು ದೂರದಲ್ಲಿದೆ ಎಂದು ಅಳೆದು ಬರೆದು, ಅಳತೆ ಶುರುವಾಗುವ ಬಿಂದುವನ್ನೂ ಹಾಳೆಯಲ್ಲಿ ಗುರುತಿಸಬೇಕು. ಎಲ್ಲಿಂದ ಅಳೆಯಬೇಕು ಎಂಬಲ್ಲಿ ನಮ್ಮಿಬ್ಬರಿಗೂ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗಾಯಿತು. ಹಾಲ್‌ನ ಪಶ್ಚಿಮದ ಮೂಲೆಗಲ್ಲಿನಿಂದ ಅಳೆಯೋಣ ಎಂದಳು ಅವಳು.

"ಹಳೇ ಗೋಡೆ ಹಿಡ್ಕೊಂಡು ಹಳೇ ಗೋಡೆ ಅಳೆಯೋದು ಅಂದ್ರೆ ಕುರುಡನ ಕೈ ಕುರುಡ ಹಿಡಿದ ಹಾಗೆ. ಅಳತೆಗೆ ಅಲುಗಾಡದ ಜಾಗ ಬೇಕು. ಹೊಸ ಬ್ಲಾಕಿಂದ ಅಳೀರಿ" ಎಂದೆ ನಾನು. ವಿದ್ಯಾರ್ಥಿಗಳ ಎದುರಿಗೇ ಹೇಳಿದೆ. ನನ್ನ ಮಾತೇ ನಡೆಯಿತು.

ಎರಡನೆಯ ವರ್ಷ ಮೊಳೆಯಿಂದ ಪೊಳ್ಳಿಗೆ ಇರುವ ದೂರ ಎರಡು ಮಿಲಿಮೀಟರ್ ಹೆಚ್ಚು ಬಂತು. ಟೇಪ್ ಸರಿಯಾಗಿ ಹಿಡಿದಿಲ್ಲ ಎಂದು ಹುಡುಗರನ್ನು ಬೈದೆ. ಮೂರನೆಯ ವರ್ಷ ಇನ್ನೆರಡು. ಮತ್ತೆ ಬೈದೆ. ಐದನೆಯ ವರ್ಷ ನಾನೇ ಟೇಪ್ ಹಿಡಿದೆ. ಮತ್ತೂ ಎರಡು ಹೆಚ್ಚೇ ಬಂತು, ಬೈಯಲು ಎದುರಿಗೆ ಯಾರೂ ಇರಲಿಲ್ಲ.

ಒಂದು ಅಕ್ಕಿಕಾಳಿನ ದಪ್ಪ, ವರ್ಷಕ್ಕೆ. ಪೊಳ್ಳು ಗೋಡೆಯೊಳಗೆ ಪಶ್ಚಿಮಕ್ಕೆ ಸರಿಯುತ್ತಿತ್ತು. ಗಾರೆ ಬಿಟ್ಟುಕೊಂಡ ಜಾಗ ಬೆಳೆಯಬಹುದು, ಉದುರಬಹುದು. ಇದ್ದ ಆಕಾರ ಇದ್ದ ಹಾಗೇ ಇಟ್ಟುಕೊಂಡು ನಡೆಯುವುದು ನಾನು ಎಲ್ಲೂ ಕೇಳಿರಲಿಲ್ಲ. ಹುಡುಗರು ಅದಕ್ಕೆ ಪೊಳ್ಳಪ್ಪ ಎಂದು ಹೆಸರಿಟ್ಟರು. ಪೊಳ್ಳಪ್ಪ ಬಾಗಿಲಿನ ಹತ್ತಿರ ಇರಲಾರದೆ ಮೂಲೆಗೆ ಹೋಗಿ ಕೂರಲು ಹೊರಟಿದ್ದಾನಂತೆ. ಎದೆ ಎತ್ತರಕ್ಕೇ ಯಾಕಿದ್ದಾನೆ ಎಂದು ಒಬ್ಬಳು ಕೇಳಿದಳು, ಅದಕ್ಕೆ ಯಾರೂ ತಮಾಷೆಯ ಉತ್ತರ ಕೊಡಲಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಕೂರುವವರೇ ಇಲ್ಲವಾದರು. ನಾನೂ ಆ ಹಾಲ್ ಹಾಯ್ದು ಹೋಗುವಾಗ ಕಿಟಕಿಯ ಬದಿಯಿಂದಲೇ ಹೋಗುತ್ತಿದ್ದೆ. ಬೆಳಕಿಗಾಗಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕುಟುಕಮ್ಮ ಮಾತ್ರ ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದದ್ದು ಆ ಗೋಡೆಗೆ ಒರಗಿಯೇ. ಒಂದು ದಿನ ನನ್ನನ್ನು ಕರೆದಳು. ಮೇಣ ತಿಕ್ಕಿದ ಒಂದು ನೂಲಿನ ಹಗ್ಗವನ್ನು ಪಶ್ಚಿಮದ ಮೂಲೆಗಲ್ಲಿನ ಕೊಂಡಿಗೆ ಸಿಕ್ಕಿಸಿ ಗೋಡೆಯುದ್ದಕ್ಕೂ ಹಿಡಿದಳು. ಹಗ್ಗದಲ್ಲಿ ಒಂದು ಗಂಟಿತ್ತು. ಗಂಟು ಪೊಳ್ಳಿನ ಅಂಚಿಗೆ ಸರಿಯಾಗಿ ಕೂತಿತು.

"ಮೊದಲನೇ ವರ್ಷ ಹಾಕಿದ ಗಂಟು ಸಾರ್. ಪೊಳ್ಳು ಎಲ್ಲಿಗೂ ಹೋಗಿಲ್ಲ."

"ಹಗ್ಗ ಹಿಗ್ಗುತ್ತೆ ಕಣಮ್ಮ. ಉಕ್ಕಿನ ಟೇಪ್ ಹಿಗ್ಗಲ್ಲ" ಎಂದು ಹೇಳಿ ನಾನು ಹೊರಟುಬಂದೆ. ಅವಳು ಹಗ್ಗ ಸುತ್ತಿಟ್ಟುಕೊಂಡಳು.

ಅವಳ ವಿಷಯ ನನಗೆ ಗೊತ್ತಾದದ್ದೆಲ್ಲ ಸ್ಟಾಫ್ ರೂಮಿನ ಬಾಯಿಂದ, ಆಮೇಲೆ ಅವಳ ಬಾಯಿಂದಲೇ. ಅಪ್ಪ ಗಾರೆಯವನು. ಅವಳ ಹನ್ನೆರಡನೆಯ ವಯಸ್ಸಿನಲ್ಲಿ, ನೀರು ಹಾಕಿದ ಸುಣ್ಣ ಕುದಿಯುತ್ತಿದ್ದ ತೊಟ್ಟಿಗೆ ಬಗ್ಗಿದಾಗ ಅದು ಸಿಡಿದು ಎಡಗಿವಿ ಹೋಯಿತು. ಬಲಗಿವಿಯೂ ಮಂದ. ಗಾರೆಯವನ ಮಗಳಿಗೆ ಗೋಡೆಯ ಸದ್ದು ಕೇಳದಿದ್ದರೆ ಹೊಟ್ಟೆಪಾಡು ಹೇಗೆ ಎಂದು ಅಪ್ಪನೇ ಕೋಲು ಕಚ್ಚಿಸಿ ಕಲಿಸಿದ. ಕಿವಿಗೆ ಬಾರದ್ದು ಹಲ್ಲಿನ ಮೂಲಕ ತಲೆಬುರುಡೆಗೆ ಬರುತ್ತಿತ್ತು. "ನಿಮಗೆಲ್ಲ ಸದ್ದು ಹೊರಗಿಂದ ಕೇಳುತ್ತೆ. ನಂಗೆ ಒಳಗಿಂದ" ಎನ್ನುತ್ತಿದ್ದಳು.

ಗಂಡ ಲಾರಿ ಓಡಿಸುತ್ತಿದ್ದ, ಬಾಯಿ ತುಂಬ ನಗುವ ಮನುಷ್ಯ. "ನಮ್ಮನೆಯೋಳು ನನ್ನ ತಲೆನೂ ತಟ್ಟಿ ನೋಡಿದಾಳೆ. ಪೂರಾ ಪೊಳ್ಳಂತೆ" ಎಂದು ಕಾಲೇಜಿನ ಗೇಟಿನಲ್ಲಿ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. ಒಂದು ಬೆಳಿಗ್ಗೆ ಅವನು ಮಲಗಿದ್ದಾಗ, ಅವಳು ಹುಡುಗಾಟಕ್ಕೆಂದು ಅವನ ಎದೆಗೆ ಕೋಲಿಟ್ಟು ಕಚ್ಚಿದಳಂತೆ. ಏನು ಕೇಳಿತೋ, ಆ ದಿನ ಲಾರಿ ಹತ್ತಲು ಬಿಡದೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ನೋಡಿ, ಕಲ್ಲಿನ ಹಾಗೆ ಇದ್ದಾನೆ ಎಂದರು. ಮೂರು ವಾರಕ್ಕೆ ಅವನು ಚಕ್ರದ ಮುಂದೆ ಕೂತಲ್ಲೇ ಹೋದ. ಅಂದಿನಿಂದ ಆಫೀಸಿನ ಹೆಂಗಸರು ಅವಳ ಕೋಲು ತಮ್ಮ ಸೆರಗಿಗೂ ತಾಕದ ಹಾಗೆ ನೋಡಿಕೊಳ್ಳುತ್ತಿದ್ದರು. ಅವಳೂ ಆಮೇಲೆ ಯಾವ ಜೀವಕ್ಕೂ ಕೋಲಿಡಲಿಲ್ಲ.

ಒಬ್ಬಳೇ ಮಗಳು. ಕಾಲೇಜಿನ ಆಫೀಸಿನಲ್ಲಿ ಟೈಪಿಂಗ್ ಕೆಲಸ. ಆಫೀಸು ನನ್ನ ಬ್ಲಾಕಿನ ಮೊದಲ ಮಹಡಿಯಲ್ಲಿ, ಅವಳ ಮೇಜು ನಾನು ಮೊಳೆ ಹೊಡೆದ ಆ ಕಂಬಕ್ಕೇ ತಾಗಿಕೊಂಡು. ಒಮ್ಮೆ ನನ್ನ ಪತ್ರದಲ್ಲಿ ಹತ್ತಾರು ತಪ್ಪು ಮಾಡಿ, "ಮೇಜು ವಾಲುತ್ತೆ ಸಾರ್, ಪೆನ್ಸಿಲ್ ಇಟ್ಟರೆ ಉರುಳಿಹೋಗುತ್ತೆ" ಎಂದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ. ಆಫೀಸಿಗೆ ಆಫೀಸೇ ನಕ್ಕಿತು. ಆ ಹುಡುಗಿ ಮೇಜಿನ ಕಾಲ ಕೆಳಗೆ ರಟ್ಟಿನ ತುಂಡು ಮಡಚಿ ಇಟ್ಟುಕೊಂಡಳು. ಪ್ರತಿ ವರ್ಷ ಇನ್ನೊಂದು ಮಡಿಕೆ ಸೇರಿಸುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು.

ಹತ್ತೊಂಬತ್ತನೆಯ ವರ್ಷ ಹೊಸ ಪ್ರಿನ್ಸಿಪಾಲರು ಬಂದರು. ಅವರಿಗೆ ಹಳೆಯ ಹಾಲ್ ಇದ್ದ ಜಾಗದಲ್ಲಿ ಗಾಜಿನ ಸಭಾಂಗಣ ಬೇಕಿತ್ತು. ಗೋಡೆ ಅಪಾಯದಲ್ಲಿದೆಯೇ ಎಂದು ವರದಿ ಕೇಳಿದರು. ನನ್ನ ಹತ್ತಿರ ಪುರಾವೆಗೆ ಬರ ಇರಲಿಲ್ಲ. ಹತ್ತೊಂಬತ್ತು ಹಾಳೆಗಳನ್ನೂ ಬೆಳಕಿನ ಮೇಜಿನ ಮೇಲೆ ಒಂದರ ಮೇಲೊಂದು ಜೋಡಿಸಿ, ಎಲ್ಲದರ ಮೊಳೆಯ ಗುರುತನ್ನೂ ಒಂದೇ ಬಿಂದುವಿಗೆ ತಂದು ನಿಲ್ಲಿಸಿದೆ. ಪೊಳ್ಳಪ್ಪ ಹದಿನೆಂಟು ಹೆಜ್ಜೆ ನಡೆದದ್ದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಒಟ್ಟು ಮೂವತ್ತಾರು ಮಿಲಿಮೀಟರ್. ಗೋಡೆ ಒಳಗೊಳಗೇ ಚಲಿಸುತ್ತಿದೆ, ಕೆಡವುವುದು ಕ್ಷೇಮ ಎಂದು ಬರೆದು ಸಹಿ ಹಾಕಿದೆ. ಸಂರಕ್ಷಣೆಯ ಪಾಠ ಇನ್ನು ಮೇಲೆ ಹೊಸ ಬ್ಲಾಕಿನಲ್ಲಿ, ಪರದೆಯ ಮೇಲೆ ಚಿತ್ರ ತೋರಿಸಿ ನಡೆಯುವುದೆಂದು ತೀರ್ಮಾನವಾಯಿತು. ಪ್ರಾತ್ಯಕ್ಷಿಕೆಯವಳು ಬೇಕಾಗಿಲ್ಲ ಎಂಬ ಪತ್ರವನ್ನು ಅವಳ ಮಗಳೇ ಟೈಪ್ ಮಾಡಬೇಕಾಯಿತು.

ಮರುದಿನ ಮಧ್ಯಾಹ್ನ ಕುಟುಕಮ್ಮ ನನ್ನ ಕೋಣೆಗೆ ಬಂದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು ನಾನೂ ಮೈ ಬಿಗಿ ಮಾಡಿಕೊಂಡೆ.

"ಹಾಲ್ ಕೆಡವಿ ಸಾರ್, ಪರವಾಗಿಲ್ಲ. ಒಂದು ಸಲ ಬಂದು ಕೋಲು ಕಚ್ಚಿ. ಹತ್ತೊಂಬತ್ತು ವರ್ಷದಲ್ಲಿ ನೀವೊಬ್ಬರೇ ಕಚ್ಚಿಲ್ಲ."

ಹೋಗಬಾರದು ಎಂದುಕೊಂಡೇ ಹೋದೆ. ಹಾಲ್ ಖಾಲಿಯಿತ್ತು, ಕಿಟಕಿಯ ಬಿಸಿಲು ಆರು ಚೌಕಗಳಾಗಿ ನೆಲದ ಮೇಲೆ ಬಿದ್ದಿತ್ತು. ಕೋಲಿನ ತುದಿಯಲ್ಲಿ ಅವಳ ಹಲ್ಲಿನ ಗುರುತು ಗುಳಿ ಬಿದ್ದಿತ್ತು. ಇನ್ನೊಂದು ತುದಿ ಕೊಟ್ಟಳು. ಕಚ್ಚಿದೆ. ಸುಣ್ಣದ ಒಗರು ನಾಲಿಗೆಗೆ ತಾಗಿತು. ಅವಳು ಪೊಳ್ಳಿನ ಮೇಲೆ ಮೂರು ಸಲ ತಟ್ಟಿದಳು. ನನ್ನ ತಲೆಯೊಳಗೆ ಯಾರೋ ಬಾಗಿಲು ಬಡಿದ ಹಾಗಾಯಿತು. ಆಮೇಲೆ ನಿಶ್ಶಬ್ದ. ಒಂದು, ಎರಡು, ಮೂರು ಎಂದು ಎಣಿಸಿದೆ.

ಮೂರಕ್ಕೆ ಬಂತು. ಸಣ್ಣದು, ಸ್ಪಷ್ಟವಾದದ್ದು, ಟಕ್ ಎಂದು ಒಂದೇ ಒಂದು ಸಲ. ಗೋಡೆಯ ಆಚೆಯಿಂದ ಯಾರೋ ಉಗುರಿನಿಂದ ತಟ್ಟಿದಂತಿತ್ತು.

ಆಚೆ ಏನೂ ಇಲ್ಲ. ಅದು ಹೊರಗೋಡೆ. ಆಚೆ ಇರುವುದು ಇಪ್ಪತ್ತಡಿ ಎತ್ತರದ ಗಾಳಿ. ಕೋಲು ನನ್ನ ಬಾಯಿಂದ ಬಿತ್ತು. ಅವಳು ಎತ್ತಿಕೊಟ್ಟಳು.

"ಎಷ್ಟಕ್ಕೆ?"

"ಮೂರಕ್ಕೆ."

ಅವಳು ಕಪ್ಪು ರಟ್ಟಿನ ಪುಸ್ತಕವೊಂದನ್ನು ತೆಗೆದಳು. ಅವಳಿಗೆ ಅಕ್ಷರ ಅಷ್ಟಕ್ಕಷ್ಟೇ, ಅಂಕೆ ಮಾತ್ರ ಬರೆಯುತ್ತಿದ್ದಳು. ವರ್ಷಕ್ಕೊಂದು ಸಾಲು. ಹೊಸ ಬ್ಲಾಕ್ ಏಳುವ ಮೊದಲು, ಗಾರೆ ಕೆಲಸಕ್ಕೆ ಬಂದಾಗ ಬರೆದ ಮೊದಲ ಸಾಲಿನಲ್ಲಿ ಬರೀ ಗೆರೆ, ಅಂದರೆ ಏನೂ ಬಂದಿಲ್ಲ. ಬ್ಲಾಕ್ ಎದ್ದ ವರ್ಷ ಹತ್ತು. ಆಮೇಲೆ ಎರಡು ವರ್ಷ ಒಂಬತ್ತು. ಇನ್ನೂ ಕೆಳಗಿನ ಸಾಲುಗಳಲ್ಲಿ ಏಳು, ಏಳು, ಆರು. ಹೋದ ವರ್ಷ ನಾಲ್ಕು.

"ಇದು ಈ ಗೋಡೆ ಮಾತಲ್ಲ ಸಾರ್. ಇದಕ್ಕೆ ವಯಸ್ಸಾಗಿದೆ, ತಾನಾಗಿ ಮಾತಾಡಲ್ಲ. ಯಾರೋ ಪಕ್ಕದಲ್ಲಿ ಹೇಳ್ತಿರೋದನ್ನ ಕೇಳಿಸ್ಕೊಂಡು ನಮಗೆ ಹೇಳ್ತಿದೆ."

ಅವಳು ಗೋಡೆ ಹಿಡಿದು ಪೂರ್ವಕ್ಕೆ ನಡೆದಳು, ನಾನು ಹಿಂದೆ. ಪ್ರತಿ ಎರಡು ಹೆಜ್ಜೆಗೆ ನಿಂತು ತಟ್ಟುವುದು, ಕಚ್ಚುವುದು, ಎಣಿಸುವುದು. ಹೋದಂತೆಲ್ಲ ಆ ಟಕ್ ದೊಡ್ಡದಾಗುತ್ತಿತ್ತು. ಬಾಗಿಲ ಹತ್ತಿರ ಬಂದಾಗ ನನ್ನ ಹಲ್ಲಿನ ಬುಡ ನೋಯುವಷ್ಟು. ಬಾಗಿಲ ಆಚೆ ಅವಳ ಮಗಳು ಕಂಬಕ್ಕೆ ಒರಗಿ ಟೈಪ್ ಮಾಡುತ್ತಿದ್ದಳು. ಕುಟುಕಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಆ ಕಂಬಕ್ಕೆ ನಾನು ಯಾವತ್ತೂ ಕೋಲಿಟ್ಟಿಲ್ಲ, ಮಗಳು ಒರಗಿ ಕೂರೋ ಜಾಗ. ಇವಳಪ್ಪಂಗೆ ಇಟ್ಟಿದ್ದೇ ಕೊನೆ. ನೀವು ಕೇಳಿ ಸಾರ್" ಎಂದಳು. ಕೋಲನ್ನು ನನ್ನ ಕಡೆ ಚಾಚಿದಳು.

ನಾನು ಕೋಲಿಡಲಿಲ್ಲ. ನನಗೆ ಧೈರ್ಯವಾಗಲಿಲ್ಲ, ಅದೇ ನಿಜ. ಕೋಣೆಗೆ ಓಡಿದೆ. ಹಾಳೆಗಳು ಬೆಳಕಿನ ಮೇಜಿನ ಮೇಲೇ ಇದ್ದವು. ಈ ಸಲ ಮೊಳೆಯ ಗುರುತನ್ನು ಬಿಟ್ಟು, ಪೊಳ್ಳನ್ನು ಪೊಳ್ಳಿನ ಮೇಲೆ ಕೂರಿಸುತ್ತಾ ಹೋದೆ. ಹತ್ತೊಂಬತ್ತು ಅಂಚುಗಳೂ ಒಂದರೊಳಗೊಂದು ಸೇರಿ ಒಂದೇ ಗೆರೆಯಾದವು. ಪೊಳ್ಳಪ್ಪ ಹುಟ್ಟಿದಲ್ಲೇ ಇದ್ದ. ಹಾಳೆಗಳ ಬಲತುದಿಯಲ್ಲಿ ನನ್ನ ಹಿತ್ತಾಳೆ ಮೊಳೆ ಹತ್ತೊಂಬತ್ತು ಚುಕ್ಕೆಗಳಾಗಿ, ಒಂದರ ಹಿಂದೊಂದು, ಪೂರ್ವಕ್ಕೆ ನಡೆದುಹೋಗುತ್ತಿತ್ತು.

ಸ್ಕ್ರೂಡ್ರೈವರ್ ಹಿಡಿದು ಬಂದು ಸಂದಿನ ಪಟ್ಟಿ ಬಿಚ್ಚಿದೆ. ವರ್ಷ ವರ್ಷ ಬಳಿದ ಬಣ್ಣ ಅದನ್ನು ಅಂಟಿಸಿಟ್ಟಿತ್ತು. ಪಟ್ಟಿಯ ಆಚೆ ಅಂಚು ಹೊಸ ಗೋಡೆಯ ಮೇಲೆ ಉಗುರಿನಷ್ಟೇ ಉಳಿದಿತ್ತು. ಕಿತ್ತ ಕೂಡಲೇ ಒಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬಂತು. ನಾನು ಎರಡು ಬೆರಳಿಗೆಂದು ಬಿಟ್ಟ ಸಂದಿನಲ್ಲಿ ಅಂಗೈ ಹೋಯಿತು, ಮುಂಗೈ ಹೋಯಿತು, ಮೊಣಕೈವರೆಗೂ ಹೋಯಿತು. ಬ್ಲಾಕಿನ ಪೂರ್ವದ ಅರ್ಧ ಹಳೆಯ ಕಲ್ಲುಗಣಿ ತುಂಬಿಸಿದ ಮಣ್ಣಿನ ಮೇಲೆ ನಿಂತಿತ್ತು. ಅದು ಕುಸಿಯುತ್ತಾ ಇಡೀ ಬ್ಲಾಕನ್ನು ತನ್ನ ಕಡೆ ಎಳೆಯುತ್ತಿತ್ತು. ಮಣ್ಣು ಗಟ್ಟಿಯಾಗಿದೆ ಎಂದು ಬರೆದವನೂ ನಾನೇ, ಒಂದೇ ಕಡೆ ಅಗೆದು ನೋಡಿ. ಕೈ ಸಂದಿನಲ್ಲಿಟ್ಟುಕೊಂಡೇ ಬಹಳ ಹೊತ್ತು ನಿಂತಿದ್ದೆ. ಒಳಗೆ ಯಾರಾದರೂ ಹಿಡಿದುಕೊಂಡಾರು ಅನ್ನಿಸಿದ ಮೇಲೆ ತೆಗೆದೆ.

ಪ್ರಿನ್ಸಿಪಾಲರ ಮುಂದೆ ಹೋಗಿ ನನ್ನ ವರದಿ ತಪ್ಪು, ಕೆಡವಬೇಕಾದ್ದು ಹಾಲ್ ಅಲ್ಲ, ಖಾಲಿ ಮಾಡಬೇಕಾದ್ದು ಬ್ಲಾಕು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ರೂ ಪಕ್ಕದ ಎಲೆ ನೊಣ ಓಡಿಸೋಕೆ ಹೋದ ಹಾಗಾಯ್ತು ನಿಮ್ಮದು. ಮೂರು ವಾರಕ್ಕೆ ಪರೀಕ್ಷೆ ಮುಗಿಯುತ್ತೆ. ಆಮೇಲೆ ನೋಡೋಣ. ಇಪ್ಪತ್ತು ವರ್ಷ ನಿಂತಿದ್ದು ಮೂರು ವಾರ ನಿಲ್ಲಲ್ವಾ?"

ನಿಲ್ಲುತ್ತದೆ ಎಂದು ನನ್ನ ಲೆಕ್ಕವೂ ಹೇಳುತ್ತಿತ್ತು. ಲೆಕ್ಕ ಯಾವಾಗಲೂ ಹಾಗೇ ಹೇಳುತ್ತದೆ.

ಕುಟುಕಮ್ಮ ಅಂದಿನಿಂದ ತನ್ನ ಪ್ರತಿಜ್ಞೆ ಮುರಿದಳು. ದಿನಕ್ಕೆರಡು ಸಲ ಮಗಳ ಮೇಜಿನ ಪಕ್ಕ ನಿಂತು ಕಂಬ ತಟ್ಟುತ್ತಿದ್ದಳು. ಮಗಳಿಗೆ ನಾಚಿಕೆ, "ಎಲ್ರೂ ನೋಡ್ತಾರೆ ಅಮ್ಮ, ಸುಮ್ನಿರು" ಎನ್ನುತ್ತಿದ್ದಳು. ರಜೆ ಹಾಕು ಎಂದರೆ ಪರೀಕ್ಷೆ ಸಮಯದಲ್ಲಿ ಯಾರು ಕೊಡುತ್ತಾರೆ? ಎರಡು ದಿನ ಮೂರಕ್ಕೇ ಬಂತು. ಮೂರನೆಯ ದಿನ ಎರಡಕ್ಕೆ. ಒಂದಕ್ಕೆ ಬಂದರೆ ಏನು ಮಾಡಬೇಕು ಎಂದು ಕೇಳಿದೆ.

"ಆಗ ಕೇಳಿಸ್ಕೊಳ್ಳೋಕೆ ಅಲ್ಲಿ ಯಾರೂ ಇರಬಾರದು ಸಾರ್."

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆ. ಕಾಲೇಜಿನ ಗಂಟೆ ಹೊಡೆಯಲು ಶುರುವಾಯಿತು, ನಿಲ್ಲಲೇ ಇಲ್ಲ. ಕಾರಿಡಾರಿನಲ್ಲಿ ಕುಟುಕಮ್ಮ ಗಂಟೆಯ ಗುಂಡಿಯನ್ನು ಹೆಬ್ಬೆರಳಿನಿಂದ ಅದುಮಿ ನಿಂತಿದ್ದಳು. ಅವಳಿಗೆ ಆ ಸದ್ದು ಸರಿಯಾಗಿ ಕೇಳುತ್ತಲೂ ಇರಲಿಲ್ಲ. ಏನೋ ಆಗಿದೆ ಎಂದು ನಾನೂರು ಜನ ಅಂಗಳಕ್ಕೆ ಇಳಿದರು. ಎಲ್ಲರ ಹಿಂದೆ ಅವಳು ಇಳಿದಳು.

ಅಂಗಳದಲ್ಲಿ ಹತ್ತು ನಿಮಿಷ ಕಳೆಯಿತು. ಏನೂ ಆಗಲಿಲ್ಲ. ಬ್ಲಾಕು ಬಿಸಿಲಿನಲ್ಲಿ ಅಚ್ಚುಕಟ್ಟಾಗಿ ನಿಂತಿತ್ತು. ಪ್ರಿನ್ಸಿಪಾಲರ ಮುಖ ಕೆಂಪಾಯಿತು.

"ಯಾರು ಗಂಟೆ ಹೊಡೆದದ್ದು?"

"ನಾನೇ. ಒಂದಕ್ಕೆ ಬಂತು" ಎಂದಳು ಕುಟುಕಮ್ಮ.

ಯಾರೋ ನಕ್ಕರು, ನಗು ಹರಡಿತು. ಹುಡುಗರು ಪರೀಕ್ಷೆಯ ಹೊತ್ತು ಹೋಗುತ್ತಿದೆ ಎಂದು ಗಲಾಟೆ ಮಾಡಿದರು. ಅಮ್ಮನ ಮರ್ಯಾದೆ ಅಂಗಳದಲ್ಲಿ ಹೋಗುತ್ತಿರುವುದನ್ನು ನೋಡಲಾರದೆ ಮಗಳು ಕನ್ನಡಕ ಮರೆತೆ ಎಂದು ಹೇಳಿ ಬ್ಲಾಕಿನ ಮೆಟ್ಟಿಲ ಕಡೆ ನಡೆದಳು. ಕುಟುಕಮ್ಮ ಅವಳನ್ನು ಕೂಗಲಿಲ್ಲ, ಹಿಡಿಯಲೂ ಇಲ್ಲ. ನನ್ನ ಕಡೆ ನೋಡಿದಳು.

ಪ್ರಿನ್ಸಿಪಾಲರೂ ನನ್ನ ಕಡೆ ತಿರುಗಿದರು. "ಇಂಜಿನಿಯರ್ ನೀವು. ಎಲ್ಲರ ಎದುರಿಗೆ ಹೇಳಿಬಿಡಿ. ಒಳಗೆ ಕಳಿಸ್ಲಾ?"

ನನ್ನ ಕೈಯಲ್ಲಿ ಉಪಕರಣ ಇರಲಿಲ್ಲ, ಕಾಗದ ಇರಲಿಲ್ಲ. ಇಪ್ಪತ್ತು ವರ್ಷ ಕಲಿಸಿದ ಒಂದು ಸೂತ್ರವೂ ಆ ಹೊತ್ತಿನಲ್ಲಿ ನೆರವಿಗೆ ಬರಲಿಲ್ಲ. ಹುಡುಗಿ ಮೂರು ಮೆಟ್ಟಿಲು ಹತ್ತಿದ್ದಳು.

"ಬೇಡ" ಎಂದೆ. "ಅದು ನಾನು ಕಟ್ಟಿಸಿದ ಕಟ್ಟಡ. ಸರಿಯಾಗಿ ಕಟ್ಟಿಸಿಲ್ಲ. ಯಾರೂ ಒಳಗೆ ಹೋಗಬೇಡಿ. ನೀನೂ ಇಳಿ ತಾಯಿ."

ಎಲ್ಲರನ್ನೂ ಮನೆಗೆ ಕಳಿಸಿದರು. ನನ್ನ ಜೊತೆಯವರು ಯಾರೂ ನನ್ನ ಮುಖ ನೋಡಲಿಲ್ಲ. ಕುಟುಕಮ್ಮ, ಅವಳ ಮಗಳು, ಕಾವಲುಗಾರ, ನಾನು ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತೆವು. ಬೀಳದಿರಲಿ ಎಂದೂ, ಬಿದ್ದುಬಿಡಲಿ ಎಂದೂ ಒಂದೇ ಉಸಿರಿನಲ್ಲಿ ಬೇಡಿಕೊಂಡೆ. ನಾಲ್ಕೂಕಾಲಿಗೆ ಬ್ಲಾಕಿನ ಕಂಬದ ಮೂಲೆ ದಣಿದ ಮನುಷ್ಯ ಕೂತುಕೊಳ್ಳುವ ಹಾಗೆ ಕೂತುಕೊಂಡಿತು. ಸದ್ದು ದೊಡ್ಡದೇನೂ ಬರಲಿಲ್ಲ. ಧೂಳು ಇಳಿದಾಗ ನನ್ನ ಕಂಬ ಇರಲಿಲ್ಲ. ಹುಡುಗಿಯ ಮೇಜು ನೆಲಮಹಡಿಯಲ್ಲಿ ತಲೆಕೆಳಗಾಗಿತ್ತು, ಅದರ ಕಾಲಿಗೆ ಮಡಚಿದ ರಟ್ಟು ಇನ್ನೂ ಅಂಟಿತ್ತು. ಪಕ್ಕದ ಹಾಲ್‌ನ ಗೋಡೆಯಿಂದ ಒಂದು ಚಕ್ಕೆ ಗಾರೆಯೂ ಉದುರಿರಲಿಲ್ಲ.

ವಿಚಾರಣೆ ನಡೆಯಿತು. ನನ್ನಿಂದ ಕಾಂಕ್ರೀಟ್ ಪಾಠ ಕಿತ್ತುಕೊಂಡು, ಶಿಕ್ಷೆ ಎಂದು ಗೋಡೆ ಪಾಠಕ್ಕೆ ಹಾಕಿದರು. ಕುಟುಕಮ್ಮ ನನಗೆ ಎರಡು ವರ್ಷ ಕಲಿಸಿದಳು. "ನಿಧಾನದ ವಿದ್ಯಾರ್ಥಿ, ಆದ್ರೆ ಕಚ್ಚಿದ್ದು ಬಿಡಲ್ಲ" ಎಂದು ಎಲ್ಲರ ಹತ್ತಿರ ಹೇಳುತ್ತಿದ್ದಳು. ಬಲಗಿವಿಯೂ ಪೂರ್ತಿ ಹೋಯಿತು. ಕೊನೆಗೆ ನಾವು 'ಊಟ ಆಯ್ತಾ' ಎಂದು ಕೇಳಬೇಕಾದರೂ ಅವಳು ಕಚ್ಚಿದ ಕೋಲಿನ ಇನ್ನೊಂದು ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡು ಮಾತಾಡಬೇಕಿತ್ತು. ಅವಳು ಹೋದ ದಿನ ಮಗಳು ಕೋಲು, ಹಗ್ಗ, ಕಪ್ಪು ಪುಸ್ತಕ ಮೂರನ್ನೂ ತಂದು ನನ್ನ ಕೈಗಿಟ್ಟಳು. ನಾನು ಅವಳೆದುರಿಗೇ ಅತ್ತುಬಿಟ್ಟೆ.

ಅವಳು ಹೋದ ಮೇಲೂ ಆರು ವರ್ಷ ಪಕ್ಕದ ಜಾಗ ಖಾಲಿ ಬಿದ್ದಿತ್ತು. ಆರೂ ವರ್ಷ ಚಳಿಗಾಲದ ಮೊದಲ ಸೋಮವಾರ ಪೊಳ್ಳು ತಟ್ಟಿ, ಅವಳ ಹಲ್ಲಿನ ಗುಳಿಗಳ ಮೇಲೇ ನನ್ನ ಹಲ್ಲು ಕೂರಿಸಿ, ಹತ್ತರವರೆಗೆ ಎಣಿಸಿದೆ. ಏನೂ ಬರಲಿಲ್ಲ. ಪುಸ್ತಕದಲ್ಲಿ ಗೆರೆ ಎಳೆದೆ. ಹಗ್ಗದ ಗಂಟು ಪೊಳ್ಳಿನ ಅಂಚಿನಲ್ಲೇ ಇದೆ, ಕೂದಲೆಳೆಯಷ್ಟೂ ಸರಿದಿಲ್ಲ.

ಹೋದ ವರ್ಷ ಅಲ್ಲಿ ಹೊಸ ಕಟ್ಟಡ ಎದ್ದಿದೆ. ಆಳವಾದ ಪಾಯ, ಐದು ಕಡೆ ಅಗೆದು ನೋಡಿದ ಮಣ್ಣು, ಒಳ್ಳೆಯ ಕೆಲಸ. ಕಟ್ಟಿಸಿದ ಯುವಕ ಬುದ್ಧಿವಂತ, ನನಗಿಂತ ವಿನಯವಂತ. ಕಂಬಕ್ಕೆ ಉಕ್ಕಿನ ಮೊಳೆ ಹೊಡೆಸಿ, ಅಳತೆ ಅಲ್ಲಿಂದ ತೆಗೆಯಿರಿ ಎಂದ. ಆ ಚಳಿಗಾಲ ನಾನು ತಟ್ಟಿ ಎಣಿಸಿದಾಗ ಹತ್ತಕ್ಕೆ ಬಂತು. ಈ ಸೋಮವಾರ ಅವನನ್ನು ಕರೆದು ಹಗ್ಗದ ಗಂಟು ತೋರಿಸಿದೆ, ಮೊಳೆಯಿಂದ ಎರಡು ಮಿಲಿಮೀಟರ್ ಹೆಚ್ಚು ಬಂದದ್ದನ್ನೂ ತೋರಿಸಿದೆ. ಕೋಲು ಕಚ್ಚು ಎಂದೆ.

"ಹಗ್ಗ ಹಿಗ್ಗುತ್ತೆ ಸಾರ್" ಎಂದು ಅವನು ಮೆಲ್ಲಗೆ, ಮುದುಕರ ಮನಸ್ಸು ನೋಯದ ಹಾಗೆ ಹೇಳಿ ಹೊರಟುಹೋದ.

ಮುಂದಿನ ತಿಂಗಳು ಆಫೀಸು ಹೊಸ ಕಟ್ಟಡಕ್ಕೆ ಹೋಗುತ್ತದಂತೆ. ನಿನ್ನೆ ಕುಟುಕಮ್ಮನ ಮಗಳು ಹಾಲ್‌ಗೆ ಬಂದು ಬಾಗಿಲಲ್ಲಿ ನಿಂತಳು. ಅವಳ ತಲೆಯಲ್ಲೂ ಈಗ ಬಿಳಿಕೂದಲು.

"ಎಷ್ಟಕ್ಕೆ ಬಂತು ಸಾರ್?"

"ಒಂಬತ್ತಕ್ಕೆ."

ಅವಳು ಹೋಗಿ ತನ್ನ ಮೇಜನ್ನು ತಾನೇ ಎಳೆದುಕೊಂಡು ಬಂದು, ಉತ್ತರದ ಗೋಡೆಗೆ, ಪೊಳ್ಳಿನ ಕೆಳಗೆ, ಅವಳಮ್ಮ ಬುತ್ತಿ ಬಿಚ್ಚುತ್ತಿದ್ದ ಜಾಗದಲ್ಲಿ ಹಾಕಿಕೊಂಡಳು. ಪೆನ್ಸಿಲ್ ಒಂದನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ನೋಡಿದಳು. ಅದು ಉರುಳಲಿಲ್ಲ. ಕೂತು ಟೈಪ್ ಮಾಡಲು ಶುರುಮಾಡಿದಳು.